17 ಕಿಲೋಡಾಲ್ಟನ್‌ನ ಒಂದು ಗೆರೆಗಾಗಿ: ಕ್ಯಾಸ್ಪೇಸ್-3 ಪ್ರತಿಕಾಯವನ್ನು ದಾರಿಗೆ ತಂದ ದಾಖಲೆ

ಮೇ ತಿಂಗಳ ಎರಡನೆಯ ವಾರ, ಮಧ್ಯಾಹ್ನ ಎರಡೂವರೆಯ ಹೊತ್ತಿಗೆ, ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಕೊರಿಯರ್ ಹುಡುಗ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಬಂದ. ಕಲಬುರಗಿಯಲ್ಲಿ ಆ ಹೊತ್ತಿನಲ್ಲಿ ನಾಯಿಗಳೂ ನೆರಳು ಬಿಟ್ಟು ಕದಲುವುದಿಲ್ಲ. "ಮೇಡಮ್ಮರ, ಒಳಗ ಐಸ್ ಎಲ್ಲಾ ನೀರಾಗ್ಯಾದ ಅನಸ್ತದ, ನೋಡ್ಕೊಂಡು ಸೈನ್ ಮಾಡ್ರಿ" ಎಂದ. ಅವನ ಅಂದಾಜು ಸರಿಯಾಗಿತ್ತು. ಹೈದರಾಬಾದಿನಿಂದ ಹೊರಟಾಗ ಕಲ್ಲಿನಂತಿದ್ದಿರಬೇಕಾದ ಜೆಲ್ ಪ್ಯಾಕ್‌ಗಳು ಕೈಯಲ್ಲಿ ಹಿಡಿದರೆ ಬಾಗುವಷ್ಟು ಮೆತ್ತಗಾಗಿದ್ದವು. ಅವುಗಳ ನಡುವೆ ಕಿರುಬೆರಳಿನ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ನಳಿಕೆ, ಅದರ ತಳದಲ್ಲಿ 100 ಮೈಕ್ರೋಲೀಟರ್ ದ್ರವ. ಅಷ್ಟು ದ್ರವಕ್ಕೆ ನನ್ನ ಒಂದು ತಿಂಗಳ ಫೆಲೋಶಿಪ್‌ಗಿಂತ ಹೆಚ್ಚು ಹಣ ಹೋಗಿತ್ತು. ಮುಂದಿನ ಐದು ವಾರ ನಾನು ಈ ನಳಿಕೆಯ ಮೇಲೆ ಹೊರಿಸಿದ ಪ್ರತಿಯೊಂದು ಅನುಮಾನದ ಬೀಜವೂ ಆ ಮೆತ್ತಗಿನ ಜೆಲ್ ಪ್ಯಾಕ್‌ನಲ್ಲಿತ್ತು.

ನಳಿಕೆಯಲ್ಲಿದ್ದದ್ದು ಮೊಲದಿಂದ ಪಡೆದ ಪ್ರತಿಕಾಯ, ಅಂದರೆ ತನ್ನ ಗುರಿಯನ್ನು ಹುಡುಕಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನು. ಅದು ಗುರುತಿಸಬೇಕಾದದ್ದು ಕತ್ತರಿಸಲ್ಪಟ್ಟ ಕ್ಯಾಸ್ಪೇಸ್-3 ಪ್ರೋಟೀನನ್ನು ಮಾತ್ರ. ಜೀವಕೋಶವು ತನ್ನನ್ನು ತಾನೇ ಕ್ರಮಬದ್ಧವಾಗಿ ಕಳಚಿಕೊಂಡು ಸಾಯುವ ಬಗೆಗೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಈ ಸಾವಿಗೆ ವಂಶವಾಹಿಗಳ ಅಪ್ಪಣೆ ಬೇಕು ಎಂಬುದನ್ನು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ತೋರಿಸಿದವರು ರಾಬರ್ಟ್ ಹಾರ್ವಿಟ್ಜ್. ಆ ಹುಳು ಬೆಳೆಯುವಾಗ ಹುಟ್ಟುವ 1090 ಕೋಶಗಳಲ್ಲಿ ಲೆಕ್ಕ ಹಾಕಿದಂತೆ 131 ಸಾಯುತ್ತವೆ. 2002ರ ನೊಬೆಲ್ ಪ್ರಶಸ್ತಿಯನ್ನು ಅವರು ಬ್ರೆನರ್ ಮತ್ತು ಸಲ್ಸ್ಟನ್ ಅವರೊಂದಿಗೆ ಹಂಚಿಕೊಂಡರು. ಹುಳುವಿನ ಸೆಡ್-3 ವಂಶವಾಹಿಗೆ ಮನುಷ್ಯರಲ್ಲಿರುವ ಬಂಧುಗಳೇ ಬೇರೆ ಪ್ರೋಟೀನುಗಳನ್ನು ಕತ್ತರಿಸುವ ಕ್ಯಾಸ್ಪೇಸ್ ಕಿಣ್ವಗಳು, ಅವುಗಳಲ್ಲಿ ಕೊನೆಯ ಕೆಲಸವನ್ನು ಬಹುಪಾಲು ಮಾಡಿ ಮುಗಿಸುವುದು ಮೂರನೆಯದು.

ಈ ಪ್ರೋಟೀನಿನ ಒಂದು ಸ್ವಭಾವವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆರೋಗ್ಯವಾಗಿರುವ ಕೋಶದಲ್ಲಿಯೂ ಕ್ಯಾಸ್ಪೇಸ್-3 ಇದ್ದೇ ಇರುತ್ತದೆ, ಆದರೆ 277 ಅಮೈನೋ ಆಮ್ಲಗಳ ಇಡಿಯ ಸರಪಳಿಯಾಗಿ, ಒರೆಯಲ್ಲಿಟ್ಟ ಚೂರಿಯಂತೆ ನಿಷ್ಕ್ರಿಯವಾಗಿರುತ್ತದೆ. ಸಾವಿನ ಸೂಚನೆ ಬಂದಾಗ ಮೇಲಿನ ಹಂತದ ಕ್ಯಾಸ್ಪೇಸ್ ಒಂದು ಈ ಸರಪಳಿಯನ್ನು 175ನೆಯ ಸ್ಥಾನದಲ್ಲಿರುವ ಆಸ್ಪಾರ್ಟೇಟ್‌ನ ನಂತರ ಕತ್ತರಿಸುತ್ತದೆ. ಆಗ 17 ಮತ್ತು 12 ಕಿಲೋಡಾಲ್ಟನ್‌ನ (ಪ್ರೋಟೀನಿನ ತೂಕ ಹೇಳುವ ಅಳತೆ) ತುಂಡುಗಳು ಜೋಡಿಯಾಗಿ ಕೂಡಿಕೊಂಡು ಕೆಲಸಕ್ಕಿಳಿಯುತ್ತವೆ. ನಮ್ಮ ಪ್ರತಿಕಾಯ ಹಿಡಿಯುವುದು ಆ ಕತ್ತರಿಸಿದ ತುದಿಯನ್ನು. ಕತ್ತರಿಸದ 35ರ ಪ್ರೋಟೀನು ಎಷ್ಟೇ ಇದ್ದರೂ ಅದಕ್ಕೆ ಕಾಣುವುದಿಲ್ಲ, ಕತ್ತರಿಸಿದ 17ರ ತುಂಡು ಮತ್ತು ಕೆಲವೊಮ್ಮೆ ಅದರ ನೆತ್ತಿಯ ಮೇಲೆ ಅರೆಬರೆ ಸವೆದ 19ರ ತುಂಡು ಮಾತ್ರ ಕಾಣುತ್ತವೆ. ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದಂತೆ ಬೇರ್ಪಡಿಸಿ, ಪೊರೆಗೆ ಇಳಿಸಿ, ಪ್ರತಿಕಾಯದಿಂದ ಗೆರೆಯಾಗಿ ಕಾಣಿಸುವ ಪರೀಕ್ಷೆಯೇ ಬ್ಲಾಟ್. ಆದ್ದರಿಂದ ಬ್ಲಾಟ್ ಖಾಲಿ ಬಂದರೆ ಅದಕ್ಕೆ ಎರಡು ಅರ್ಥ ಸಾಧ್ಯ: ಕೋಶಗಳು ಸತ್ತಿಲ್ಲ, ಅಥವಾ ನಾವು ಎಲ್ಲೋ ಎಡವಿದ್ದೇವೆ.

ಮೊದಲ ಬ್ಲಾಟ್ ಖಾಲಿ ಬಂತು.

ಮಾಡಿದ್ದು ಹೀಗೆ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿ ಬೆಳೆಸಿಕೊಂಡಿದ್ದ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳ ಒಂದು ತಟ್ಟೆಗೆ 1 ಮೈಕ್ರೋಮೋಲಾರ್ ಸ್ಟಾರೊಸ್ಪೊರಿನ್ ಹಾಕಿ ನಾಲ್ಕು ತಾಸು ಬಿಟ್ಟೆ, ಇನ್ನೊಂದಕ್ಕೆ ಅದನ್ನು ಕರಗಿಸಿದ ಡಿಎಂಎಸ್‌ಒ ದ್ರಾವಕವನ್ನು ಮಾತ್ರ ಅಷ್ಟೇ ಪ್ರಮಾಣದಲ್ಲಿ ಹಾಕಿದೆ. ಸ್ಟಾರೊಸ್ಪೊರಿನ್ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯದಿಂದ 1977ರಲ್ಲಿ ಸಿಕ್ಕ ವಸ್ತು. ಅದು ಕೋಶದ ಕೈನೇಸ್ ಎಂಬ ಕಿಣ್ವಗಳನ್ನು ಸಾರಾಸಗಟಾಗಿ ತಡೆಯುತ್ತದೆ, ಹೀಲಾ ಕೋಶಗಳು ಅದರ ಮುಂದೆ ತಾಳುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹರಡಿಕೊಂಡಿದ್ದ ಕೋಶಗಳು ಕುಗ್ಗಿ, ಕಾದ ಎಣ್ಣೆಗೆ ಬಿದ್ದ ಹಿಟ್ಟಿನಂತೆ ಅವುಗಳ ಮೈಮೇಲೆ ಗುಳ್ಳೆಗಳು ಎದ್ದಿದ್ದವು. ಸಾವು ಕಣ್ಣಿಗೆ ಕಾಣುತ್ತಿತ್ತು. ಕೋಶಗಳನ್ನು ಒಡೆದು ಪ್ರೋಟೀನು ಅಳೆದು, ಪ್ರತಿ ಗುಂಡಿಗೆ 30 ಮೈಕ್ರೋಗ್ರಾಮಿನಂತೆ 15 ಶೇಕಡಾ ಜೆಲ್‌ನಲ್ಲಿ ಓಡಿಸಿ, 0.45 ಮೈಕ್ರಾನ್ ರಂಧ್ರದ ನೈಟ್ರೋಸೆಲ್ಯುಲೋಸ್ ಪೊರೆಗೆ ರಾತ್ರಿಯಿಡೀ ವರ್ಗಾಯಿಸಿದೆ. ಬೆಳಗ್ಗೆ ಪೊರೆಯನ್ನು 30 ಕಿಲೋಡಾಲ್ಟನ್ ಗುರುತಿನ ಬಳಿ ಅಡ್ಡಲಾಗಿ ಕತ್ತರಿಸಿ, ಮೇಲಿನ ಅರ್ಧಕ್ಕೆ ಹೋಲಿಕೆಗೆಂದು ಎಲ್ಲ ಕೋಶಗಳಲ್ಲೂ ಇರುವ ಆಕ್ಟಿನ್ ಪ್ರೋಟೀನಿನ ಪ್ರತಿಕಾಯ, ಕೆಳಗಿನ ಅರ್ಧಕ್ಕೆ ಹೊಸ ಪ್ರತಿಕಾಯ, 1:1000ರಂತೆ 5 ಮಿಲಿಲೀಟರಿಗೆ 5 ಮೈಕ್ರೋಲೀಟರ್. ಆಕ್ಟಿನ್ 42ರಲ್ಲಿ ಎರಡೂ ಸಾಲಿನಲ್ಲಿ ಕಪ್ಪಗೆ, ಸಮನಾಗಿ ಎದ್ದು ಬಂತು. ಕೆಳಗಿನ ಅರ್ಧ ಮಾತ್ರ ಒಗೆದ ಪಂಚೆಯಂತೆ ಬೆಳ್ಳಗಿತ್ತು.

ನನ್ನ ಮೊದಲ ತೀರ್ಮಾನ ಏನಿತ್ತೆಂದರೆ, ಆಕ್ಟಿನ್ ಬಂದಿರುವುದರಿಂದ ಬ್ಲಾಟ್‌ನಲ್ಲಿ ದೋಷವಿಲ್ಲ, ಆದ್ದರಿಂದ ಬಿಸಿಲಿನಲ್ಲಿ ಬಂದ ಪ್ರತಿಕಾಯವೇ ಕೆಟ್ಟಿದೆ. ಪೂರೈಕೆದಾರರಿಗೆ ಖಾರವಾದ ದೂರುಪತ್ರವನ್ನೂ ಬರೆದು ಕರಡಿನಲ್ಲಿ ಇಟ್ಟೆ. ಕಳಿಸುವ ಮುನ್ನ ನಮ್ಮ ಗೈಡ್ ಒಂದೇ ಪ್ರಶ್ನೆ ಕೇಳಿದರು: "ಆಕ್ಟಿನ್ ಪ್ರತಿಕಾಯ ಯಾವ ಪ್ರಾಣಿಯದು?" ಅದು ಇಲಿಯದು. ಅಂದರೆ ಅದರ ಮೇಲೆ ಕೂತು ಬೆಳಕಿನಿಂದ ಅದನ್ನು ತೋರಿಸಿಕೊಡುವ ಎರಡನೆಯ ಪ್ರತಿಕಾಯ ಇಲಿ-ವಿರೋಧಿ. ನನ್ನ ಹೊಸ ಪ್ರತಿಕಾಯ ಮೊಲದ್ದು, ಅದಕ್ಕೆ ಬೇಕಾದದ್ದು ಮೊಲ-ವಿರೋಧಿ. ಆಕ್ಟಿನ್‌ನ ಗೆರೆ ಬಂದದ್ದರಿಂದ 42ರ ಪ್ರೋಟೀನು ಪೊರೆಗೆ ಹತ್ತಿದೆ, ಇಲಿ-ವಿರೋಧಿ ಚೆನ್ನಾಗಿದೆ, ಬೆಳಕು ಹೊಮ್ಮಿಸುವ ದ್ರಾವಣ ಚೆನ್ನಾಗಿದೆ ಎಂಬ ಮೂರು ಮಾತು ಮಾತ್ರ ಸಾಬೀತಾಗಿದ್ದವು. ಮೊಲ-ವಿರೋಧಿಯ ಬಗ್ಗೆಯಾಗಲಿ, 17ರ ಚಿಕ್ಕ ತುಂಡು ಪೊರೆಯ ಮೇಲೆ ನಿಂತಿದೆಯೇ ಎಂಬುದರ ಬಗ್ಗೆಯಾಗಲಿ ಅದು ಏನೂ ಹೇಳಿರಲಿಲ್ಲ. ಇಷ್ಟು ಸರಳವಾದ ವಿಷಯ ನನಗೆ ಹೊಳೆಯದೆ ಹೋದದ್ದಕ್ಕೆ ಬೇಸಿಗೆಯನ್ನು ದೂರುವಂತಿಲ್ಲ.

ಮೊಲ-ವಿರೋಧಿಯನ್ನು ಪರೀಕ್ಷಿಸಲು ಅರ್ಧ ತಾಸು ಸಾಕು. ಮೊಲದ ಪ್ರತಿಕಾಯವನ್ನು 1 ಮೈಕ್ರೋಲೀಟರ್ ತೆಗೆದು ನೂರುಪಟ್ಟು ತೆಳುಮಾಡಿ, ಅಲ್ಲಿಂದ ಹತ್ತತ್ತುಪಟ್ಟು ತೆಳುಮಾಡುತ್ತ, ನೈಟ್ರೋಸೆಲ್ಯುಲೋಸ್‌ನ ಚೂರಿನ ಮೇಲೆ ರಂಗೋಲಿಯ ಚುಕ್ಕೆಗಳಂತೆ ಸಾಲಾಗಿ ಇಟ್ಟೆ. ಒಣಗಿದ ಮೇಲೆ ಹಾಲಿನಲ್ಲಿ ನೆನೆಸಿ, ನೇರವಾಗಿ ಮೊಲ-ವಿರೋಧಿಯನ್ನು ಹಾಕಿ, ತೊಳೆದು, ಬೆಳಕಿನ ದ್ರಾವಣ ಸುರಿದೆ. ಚುಕ್ಕೆಗಳೆಲ್ಲ ಉರಿಯಬೇಕಿತ್ತು. ಒಂದೂ ಕಾಣಲಿಲ್ಲ. ಪೆಟ್ಟಿಗೆಯಲ್ಲಿದ್ದ ಮೂಲ ಶೀಷೆಯಿಂದ ಹೊಸದಾಗಿ ತೆಳುಮಾಡಿದ ಮೊಲ-ವಿರೋಧಿಯನ್ನು ಇನ್ನೊಂದು ಚೂರಿಗೆ ಹಾಕಿದಾಗ ನಾಲ್ಕು ಚುಕ್ಕೆಗಳು ಕತ್ತಲೆ ಕೋಣೆಯಲ್ಲಿ ಬರಿಗಣ್ಣಿಗೆ ಕಾಣುವಷ್ಟು ಮಿನುಗಿದವು. ವ್ಯತ್ಯಾಸ ಎಲ್ಲಿದೆಯೆಂದು ಹುಡುಕಿದರೆ, ನಾನು ಫ್ರಿಜ್‌ನಿಂದ ತೆಗೆದುಕೊಂಡಿದ್ದ ಸಿದ್ಧ ದ್ರಾವಣದ ನಳಿಕೆಯ ಮುಚ್ಚಳದ ಮೇಲೆ, ಅರ್ಧ ಅಳಿಸಿಹೋದ ಶಾಯಿಯಲ್ಲಿ, "ಅಜೈಡ್ ಹಾಕಿದೆ" ಎಂದು ಬರೆದಿತ್ತು. ನಮ್ಮಲ್ಲಿ ಹಿಂದೆ ಇದ್ದ ಯಾರೋ ಮಿತವ್ಯಯದ ಮನಸ್ಸಿನಿಂದ, ಬೂಷ್ಟು ಹಿಡಿಯದಿರಲೆಂದು ಸೋಡಿಯಂ ಅಜೈಡ್ ಬೆರೆಸಿ ಅದನ್ನು ಕಾಪಿಟ್ಟಿದ್ದರು. ಮೊದಲ ಪ್ರತಿಕಾಯಕ್ಕಾದರೆ ಅದು ಒಳ್ಳೆಯ ಪದ್ಧತಿಯೇ, ತೊಳೆಯುವಾಗ ಹೋಗಿಬಿಡುತ್ತದೆ. ಆದರೆ ಎರಡನೆಯ ಪ್ರತಿಕಾಯದ ಬೆನ್ನಿಗೆ ಕಟ್ಟಿರುವುದು ಮೂಲಂಗಿ ಜಾತಿಯ ಗಿಡವೊಂದರ ಬೇರಿನಿಂದ ತೆಗೆದ ಪೆರಾಕ್ಸಿಡೇಸ್ ಕಿಣ್ವ, ಲ್ಯೂಮಿನಾಲ್ ಬೆಳಗುವುದು ಅದರಿಂದ. ಅಜೈಡ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ನಳಿಕೆಯನ್ನು ಎಸೆದೆ. ಈಗ ನಮ್ಮ ಫ್ರಿಜ್‌ನ ಬಾಗಿಲಿಗೆ ಈ ಬಗ್ಗೆ ಕೆಂಪು ಅಕ್ಷರದ ಚೀಟಿಯೊಂದಿದೆ.

ಮೊದಲ ಬ್ಲಾಟ್‌ನ ಕೆಳಗಿನ ತುಂಡನ್ನು ಬಫರಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಅದನ್ನು ತೊಳೆದು, ಹೊಸ ಮೊಲ-ವಿರೋಧಿ ಹಾಕಿ ಮತ್ತೆ ನೋಡಿದೆ. ಇಪ್ಪತ್ತೆಂಟರ ಆಸುಪಾಸಿನಲ್ಲಿ, ಔಷಧ ಹಾಕಿದ ಸಾಲಿನಲ್ಲೂ ಹಾಕದ ಸಾಲಿನಲ್ಲೂ ಒಂದೇ ಬಗೆಯ ಮಸುಕು ಗೆರೆಯೊಂದು ಕಂಡಿತು. ಎರಡೂ ಕಡೆ ಸಮನಾಗಿ ಬರುವ ಗೆರೆ ಸಾವಿನ ಗುರುತಾಗಲಾರದು. 17ರಲ್ಲಿ ಏನೂ ಇರಲಿಲ್ಲ. ದೂರುಪತ್ರ ಕರಡಿನಲ್ಲಿಯೇ ಇತ್ತು.

ಚಿಕ್ಕ ಪ್ರೋಟೀನುಗಳ ವರ್ಗಾವಣೆಯಲ್ಲಿ ಒಂದು ವಿಚಿತ್ರ ತೊಂದರೆಯಿದೆ. ದೊಡ್ಡ ಪ್ರೋಟೀನುಗಳು ಜೆಲ್ ಬಿಟ್ಟು ಹೊರಬರಲು ಒಲ್ಲೆ ಎನ್ನುತ್ತವೆ, ಚಿಕ್ಕವು ಪೊರೆಯಲ್ಲಿ ನಿಲ್ಲದೆ ಅದರ ರಂಧ್ರಗಳ ಮೂಲಕ ಆಚೆಗೆ ಹೊರಟೇ ಹೋಗುತ್ತವೆ. ಟೌಬಿನ್ ಮತ್ತು ಸಂಗಡಿಗರು 1979ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಬಫರಿಗೆ 20 ಶೇಕಡಾ ಮೆಥನಾಲ್ ಬೆರೆಸುವುದಕ್ಕೂ ಇದೇ ಕಾರಣದ ನಂಟಿದೆ: ಮೆಥನಾಲ್ ಪ್ರೋಟೀನಿಗೆ ಅಂಟಿದ ಎಸ್‌ಡಿಎಸ್ ಸಾಬೂನನ್ನು ಬಿಡಿಸಿ, ಅದು ಪೊರೆಗೆ ಕಚ್ಚಿಕೊಳ್ಳುವಂತೆ ಮಾಡುತ್ತದೆ. ನಾವು ಉಳಿತಾಯಕ್ಕೆಂದು ಒಂದೇ ಬಫರನ್ನು ಮೂರು ನಾಲ್ಕು ಸಲ ಬಳಸುತ್ತಿದ್ದೆವು. ಮೆಥನಾಲ್ ಕುದಿಯುವುದು 65 ಡಿಗ್ರಿಯಲ್ಲಿ, ನಮ್ಮ ಕೋಣೆಯಲ್ಲಿ ಏಸಿ ನಿಂತ ದಿನ ಗೋಡೆಯ ಉಷ್ಣಮಾಪಕ 37 ತೋರಿಸುತ್ತದೆ. ಮುಚ್ಚಳ ಸಡಿಲವಿದ್ದ ಬಾಟಲಿಯಲ್ಲಿ ಎಷ್ಟು ಮೆಥನಾಲ್ ಉಳಿದಿದ್ದೀತು?

ಊಹೆ ಸಾಲದು, ನೋಡಬೇಕಿತ್ತು. ಎರಡನೆಯ ಬ್ಲಾಟ್‌ನಲ್ಲಿ ಎಲ್ಲವನ್ನೂ ಮೊದಲಿನಂತೆಯೇ ಇಟ್ಟು, ಪೊರೆಯ ಹಿಂದೆ ಇನ್ನೊಂದು ಪೊರೆಯನ್ನು ಸೇರಿಸಿದೆ, ಮೊದಲನೆಯದು ಬಿಟ್ಟದ್ದನ್ನು ಎರಡನೆಯದು ಹಿಡಿಯಲೆಂದು. ಬೆಳಗ್ಗೆ ಕ್ಯಾಸೆಟ್ ಬಿಚ್ಚಿದಾಗ ಉತ್ತರ ಬಣ್ಣದಲ್ಲಿಯೇ ಇತ್ತು. ಮೊದಲೇ ಬಣ್ಣ ಹಚ್ಚಿರುವ ಗುರುತು ಪ್ರೋಟೀನುಗಳ ಏಣಿಯಲ್ಲಿ 70, 50, 35ರ ಮೆಟ್ಟಿಲುಗಳು ಮುಂದಿನ ಪೊರೆಯಲ್ಲಿ ಗಾಢವಾಗಿದ್ದವು, 25ರದು ತಿಳಿಯಾಗಿತ್ತು, 15ರ ಮೆಟ್ಟಿಲು ಇದೆಯೋ ಇಲ್ಲವೋ ಎಂಬಂತಿತ್ತು. ಹಿಂದಿನ ಪೊರೆಯನ್ನು ಚಿಮಟಿಯಿಂದ ಎತ್ತಿ ಬೆಳಕಿಗೆ ಹಿಡಿದರೆ, ಉಳಿದೆಲ್ಲ ಖಾಲಿ, ಕೆಳತುದಿಯಲ್ಲಿ ಮಾತ್ರ 15ರ ನೀಲಿ ಪಟ್ಟಿ ಸ್ಪಷ್ಟವಾಗಿ ಕುಳಿತಿತ್ತು. ಎರಡೂ ಪೊರೆಗಳನ್ನು ಒಂದೇ ತಟ್ಟೆಯಲ್ಲಿ ಪ್ರತಿಕಾಯಕ್ಕೆ ಒಡ್ಡಿದೆ. ಹಿಂದಿನ ಪೊರೆಯಲ್ಲಿ, ಔಷಧ ಹಾಕಿದ ಸಾಲಿನಲ್ಲಿ ಮಾತ್ರ, ಹದಿನೇಳರ ಎತ್ತರದಲ್ಲಿ, ಉಗುರಿನಿಂದ ಗೀಚಿದಷ್ಟು ತೆಳ್ಳಗಿನ ಗೆರೆಯೊಂದಿತ್ತು. ಪ್ರತಿಕಾಯ ಬದುಕಿತ್ತು. ಆ ಸಂಜೆ ದೂರುಪತ್ರವನ್ನು ಅಳಿಸಿದೆ.

ಹಾಗೆ ನೋಡಿದರೆ ಅದು ಬದುಕಿರುವುದರಲ್ಲಿ ಆಶ್ಚರ್ಯವೇನಿಲ್ಲ. ಐಜಿಜಿ ಬಗೆಯ ಪ್ರತಿಕಾಯಗಳು ಗಟ್ಟಿ ಪ್ರೋಟೀನುಗಳು, ಕೊಳ್ಳೇಗಾಲದಿಂದ ಬೀದರ್‌ವರೆಗೆ ಯಾರ ರಕ್ತದಲ್ಲಾದರೂ 37 ಡಿಗ್ರಿಯಲ್ಲಿ ವಾರಗಟ್ಟಲೆ ತಿರುಗಾಡಿಕೊಂಡಿರುತ್ತವೆ. ಒಂದು ದಿನ ಜೆಲ್ ಪ್ಯಾಕ್ ಕರಗಿದ್ದಕ್ಕಿಂತ, ಪದೇ ಪದೇ ಹೆಪ್ಪುಗಟ್ಟಿ ಕರಗುವುದು ಅವಕ್ಕೆ ಹೆಚ್ಚು ಹಾನಿಕರ. ನಳಿಕೆಯ ದ್ರವದಲ್ಲಿ ಅರ್ಧದಷ್ಟು ಗ್ಲಿಸರಾಲ್ ಇರುವುದರಿಂದ ಮೈನಸ್ 20ರಲ್ಲಿ ಅದು ಹೆಪ್ಪುಗಟ್ಟುವುದೇ ಇಲ್ಲ, ಕಾಕಂಬಿಯಂತೆ ಮಂದವಾಗಿ ಇರುತ್ತದೆ. ಇನ್ನೂ ಚೆನ್ನಾಗಿರಲೆಂದು ಮೈನಸ್ 80ಕ್ಕೆ ಹಾಕಿದರೆ ಮಾತ್ರ ಕೆಡುಕು. ನನ್ನ ಆತಂಕ ಬೇರೆಯದಿತ್ತು: ನಮ್ಮ ಫ್ರೀಜರ್ ತಾನೇ ಹಿಮ ಕರಗಿಸಿಕೊಳ್ಳುವ ಬಗೆಯದು, ಅಂದರೆ ಆಗಾಗ ಒಳಗಡೆ ಬಿಸಿ ಬಿಡುತ್ತದೆ, ಅದರ ಮೇಲೆ ಕರೆಂಟು ಹೋಗುವ ಕಾಟ. ಕೊರಿಯರ್‌ನ ಅದೇ ಥರ್ಮಾಕೋಲ್ ಪೆಟ್ಟಿಗೆಯನ್ನು ಅರ್ಧಕ್ಕೆ ಕೊಯ್ದು, ಅದೇ ಜೆಲ್ ಪ್ಯಾಕ್‌ಗಳನ್ನು ಹೆಪ್ಪುಗಟ್ಟಿಸಿ ಸುತ್ತ ಇಟ್ಟು, ನಡುವೆ ನಳಿಕೆಯ ಸ್ಟ್ಯಾಂಡ್ ಕೂರಿಸಿ, ಫ್ರೀಜರಿನ ಒಳಗೆ ಇನ್ನೊಂದು ಪುಟ್ಟ ಕೋಣೆ ಮಾಡಿದೆ. ಅದರೊಳಗೆ ಇಟ್ಟ ಉಷ್ಣಮಾಪಕ ಎರಡು ತಾಸಿನ ಕರೆಂಟು ಕಡಿತದ ನಂತರವೂ ಮೈನಸ್ 17ಕ್ಕಿಂತ ಮೇಲೇರಲಿಲ್ಲ.

ಮೂರನೆಯ ಬ್ಲಾಟ್‌ಗೆ 0.2 ಮೈಕ್ರಾನ್‌ನ ಪಿವಿಡಿಎಫ್ ಪೊರೆ ತಂದೆವು. ಅದನ್ನು ಮೊದಲು ಶುದ್ಧ ಮೆಥನಾಲ್‌ನಲ್ಲಿ ಅರ್ಧ ನಿಮಿಷ ಅದ್ದಬೇಕು, ಇಲ್ಲವಾದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಬಫರ್ ಜಾರಿಹೋಗುತ್ತದೆ. ಬಫರನ್ನು ಪ್ರತಿ ಸಲ ಹೊಸದಾಗಿ ಮಾಡಿದೆ: 25 ಮಿಲಿಮೋಲಾರ್ ಟ್ರಿಸ್, 192 ಮಿಲಿಮೋಲಾರ್ ಗ್ಲೈಸೀನ್, 20 ಶೇಕಡಾ ಮೆಥನಾಲ್. ರಾತ್ರಿಯಿಡೀ ಬಿಡುವುದನ್ನು ನಿಲ್ಲಿಸಿ, 100 ವೋಲ್ಟಿನಲ್ಲಿ ಒಂದು ತಾಸಿಗೆ ಇಳಿಸಿದೆ. ಆದರೆ 100 ವೋಲ್ಟಿನಲ್ಲಿ ಬಫರ್ ಬೇಗ ಕಾಯುತ್ತದೆ, ನಮ್ಮ ಐಸ್ ಯಂತ್ರ ಏಪ್ರಿಲ್‌ನಿಂದಲೇ ಮಲಗಿತ್ತು. ರಸ್ತೆಯಾಚೆಯ ಕಬ್ಬಿನ ಹಾಲಿನ ಅಂಗಡಿಯವರು ಬೆಳಗ್ಗೆ ಗೋಣಿಚೀಲದಲ್ಲಿ ಸುತ್ತಿ ತರಿಸುವ ಐಸ್ ಗಡ್ಡೆಯಿಂದ ಇಪ್ಪತ್ತು ರೂಪಾಯಿಗೆ ಒಂದು ಬಕೆಟ್ ಒಡೆದು ಕೊಡುತ್ತಿದ್ದರು, ಟ್ಯಾಂಕನ್ನು ಅದರಲ್ಲಿಯೇ ಹೂಳುತ್ತಿದ್ದೆ. ವರ್ಗಾವಣೆಯ ನಂತರ ಪ್ರೋಟೀನುಗಳಿಗೆಲ್ಲ ಹತ್ತುವ ಪೋನ್ಸೋ ಕೆಂಪು ಬಣ್ಣ ಹಾಕಿದಾಗ ಸಾಲುಗಳು ಕೆಳತುದಿಯವರೆಗೂ ತುಂಬಿಕೊಂಡು ಕಂಡವು. ಫಿಲ್ಮಿನ ಮೇಲೆ 17ರಲ್ಲಿ ಗೆರೆ ಬಂತು. ಆದರೆ ಸೊರಗಿದ ಗೆರೆ. ಹತ್ತು ನಿಮಿಷ ಒಡ್ಡಿದರೂ ಬೂದಿ ಬಣ್ಣ ದಾಟಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಅಷ್ಟೊಂದು ಕೋಶಗಳು ಸಾಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದವಳಿಗೆ ಇದು ಲೆಕ್ಕಕ್ಕೆ ಹೊಂದಲಿಲ್ಲ.

ಸತ್ತ ಕೋಶಗಳನ್ನು ನಾನೇ ಮೋರಿಗೆ ಸುರಿಯುತ್ತಿದ್ದೆ! ಹೀಲಾ ಕೋಶಗಳು ತಟ್ಟೆಯ ತಳಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಅವು ಸಾಯತೊಡಗಿದಾಗ ಮೊದಲು ದುಂಡಗಾಗಿ, ಆಮೇಲೆ ತಳ ಬಿಟ್ಟು ಮೇಲಿನ ದ್ರವದಲ್ಲಿ ತೇಲುತ್ತವೆ. ನಾನು ಕಲಿತ ಕ್ರಮವೆಂದರೆ ದ್ರವ ಚೆಲ್ಲು, ತಣ್ಣಗಿನ ಬಫರಿನಿಂದ ಎರಡು ಸಲ ತೊಳೆ, ಉಳಿದ ಕೋಶಗಳನ್ನು ಕೆರೆದು ತೆಗೆ. ಬದುಕಿರುವ ಕೋಶಗಳ ಅಧ್ಯಯನಕ್ಕೆ ಅದು ಸರಿ. ಸಾವಿನ ಅಧ್ಯಯನದಲ್ಲಿ ಅದು ಜೋಳವನ್ನು ತೂರಿ ಹೊಟ್ಟನ್ನು ಇಟ್ಟುಕೊಂಡು ಕಾಳನ್ನು ಗಾಳಿಗೆ ಬಿಟ್ಟಂತೆ. ನಾಲ್ಕನೆಯ ಸಲ ದ್ರವವನ್ನು ನಳಿಕೆಗೆ ಹಿಡಿದು, ತೊಳೆದ ಬಫರನ್ನೂ ಅದಕ್ಕೇ ಸೇರಿಸಿ, ತಿರುಗುಯಂತ್ರದಲ್ಲಿ ಐದು ನಿಮಿಷ ತಿರುಗಿಸಿದಾಗ ತಳದಲ್ಲಿ ರವೆಯ ಕಾಳಿನಷ್ಟು ಬಿಳಿ ಮುದ್ದೆ ಸಿಕ್ಕಿತು. ಅದನ್ನು ಕೆರೆದ ಕೋಶಗಳ ಜೊತೆ ಒಟ್ಟಿಗೆ ಒಡೆದೆ. ಇದೊಂದೇ ಬದಲಾವಣೆ. ಹತ್ತು ನಿಮಿಷದಲ್ಲಿ ಬೂದಿಯಾಗಿದ್ದ ಗೆರೆ ಮೂವತ್ತು ಸೆಕೆಂಡಿನಲ್ಲಿ ಇದ್ದಿಲಿನಷ್ಟು ಕಪ್ಪಾಯಿತು, ಅದರ ನೆತ್ತಿಯ ಮೇಲೆ 19ರ ಇನ್ನೊಂದು ಸಣ್ಣ ಗೆರೆಯೂ ಕಂಡಿತು.

ಗೆರೆ ಕಪ್ಪಾದರೂ ಅದರ ಹಿನ್ನೆಲೆಯೂ ಕಪ್ಪಾಗಿತ್ತು. ಇದಕ್ಕೆ ಎರಡು ಕಾರಣ ಸಿಕ್ಕವು. ಒಂದು ಹಾಲಿನ ಪುಡಿ. ಪೊರೆಯ ಖಾಲಿ ಜಾಗಗಳನ್ನು ಮುಚ್ಚಲು ಬೇಕಾದದ್ದು ಕೆನೆ ತೆಗೆದ ಹಾಲಿನ ಪುಡಿ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಿಂದ ಅವಸರದಲ್ಲಿ ತರಿಸಿದ್ದು ಚಹಾಕ್ಕೆ ಹಾಕುವ ಡೈರಿ ವೈಟ್‌ನರ್, ಅದರಲ್ಲಿ ಸಕ್ಕರೆಯೂ ಕೊಬ್ಬೂ ಇತ್ತು. ಅದರಲ್ಲಿ ಚಹಾ ಮಾಡಿಕೊಂಡು ಕುಡಿದು, ಪೊರೆಗೆ ಸರಿಯಾದ ಪುಡಿ ತಂದೆವು, ಪ್ರತಿಕಾಯವನ್ನು ತೆಳುಮಾಡಲು ಮಾತ್ರ ಗೋವಿನ ಅಲ್ಬುಮಿನ್ ಬಳಸಿದೆವು. ಎರಡನೆಯ ಕಾರಣ ಕತ್ತಲೆ ಕೋಣೆಯದು. ನಮ್ಮಲ್ಲಿ ಡಿಜಿಟಲ್ ಕ್ಯಾಮೆರಾ ಇಲ್ಲ, ಆಸ್ಪತ್ರೆಗಳ ಎಕ್ಸ್‌ರೇ ಫಿಲ್ಮನ್ನೇ ಕತ್ತರಿಸಿ, ಕೆಂಪು ದೀಪದಡಿ ಪೊರೆಯ ಮೇಲೊತ್ತಿ, ಕೈಯಿಂದಲೇ ತೊಳೆಯುತ್ತೇವೆ. ಲ್ಯೂಮಿನಾಲ್‌ನ ಬೆಳಕು ನೀಲಿ, ಆ ಫಿಲ್ಮಿಗೂ ನೀಲಿಯೇ ಇಷ್ಟ, ಹಾಗಾಗಿ ಸಂಬಂಧ ಚೆನ್ನಾಗಿದೆ. ಆದರೆ ಡೆವಲಪರ್ ದ್ರಾವಣ 20 ಡಿಗ್ರಿಯ ಲೆಕ್ಕದಲ್ಲಿ ತಯಾರಾದದ್ದು, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅದು 36ಕ್ಕೆ ಏರಿ, ಬೆಳಕು ಬೀಳದ ಜಾಗವನ್ನೂ ಕಪ್ಪು ಮಾಡುತ್ತಿತ್ತು. ಕಬ್ಬಿನ ಹಾಲಿನ ಅಂಗಡಿಗೆ ಇನ್ನೂ ಹತ್ತು ರೂಪಾಯಿ ಹೋಯಿತು. ಡೆವಲಪರ್ ತಟ್ಟೆಯನ್ನು ಐಸ್ ನೀರಿನ ಇನ್ನೊಂದು ತಟ್ಟೆಯಲ್ಲಿ ತೇಲಿಬಿಟ್ಟ ಮೇಲೆ ಫಿಲ್ಮ್ ಗಾಜಿನಂತೆ ತಿಳಿಯಾಯಿತು. ವಿಧಾನದ ಹಾಳೆಗಳಲ್ಲಿ "ಕೋಣೆಯ ಉಷ್ಣಾಂಶ" ಎಂದು ಬರೆಯುವವರು ಮೇ ತಿಂಗಳಲ್ಲಿ ಒಮ್ಮೆ ನಮ್ಮ ಕಡೆ ಬಂದು ಹೋಗಬೇಕು.

ಇಷ್ಟರಲ್ಲಿ ನನ್ನ ಜೂನಿಯರ್ ಅದೇ ಪ್ರತಿಕಾಯವನ್ನು ತನ್ನ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಬಳಸಲು ತೆಗೆದುಕೊಂಡಿದ್ದಳು. ಎರಡು ದಿನದ ನಂತರ ಮುಖ ಸಣ್ಣ ಮಾಡಿಕೊಂಡು ಬಂದಳು. "ಅಕ್ಕಾ, ಮತ್ತ ಹೋಯ್ತು ನೋಡ್ರಿ. ಕೋಶ ಎಲ್ಲಾ ಸತ್ತಾವ, ತೇಲಿದ್ದೂ ಹಿಡಿದೀನಿ, ಗೆರೀನೇ ಇಲ್ಲ." ಅವಳ ಪೊರೆ, ಬಫರು, ಮೊಲ-ವಿರೋಧಿ ಎಲ್ಲ ನನ್ನವೇ. ಯಾವ ಕೋಶ ಎಂದು ಕೇಳಿದೆ. ಎಂಸಿಎಫ್-7 ಎಂದಳು. ಅಲ್ಲಿಗೆ ಮಾತು ಮುಗಿಯಿತು. ಎಂಸಿಎಫ್-7 ಕೋಶಗಳಲ್ಲಿ ಕ್ಯಾಸ್ಪೇಸ್-3ರ ವಂಶವಾಹಿಯ ಮೂರನೆಯ ಎಕ್ಸಾನ್ ಎಂಬ ಭಾಗದಲ್ಲಿ 47 ಕ್ಷಾರಜೋಡಿಗಳು (ಡಿಎನ್‌ಎಯ ಅಕ್ಷರಗಳು) ಕಾಣೆಯಾಗಿವೆ ಎಂದು 1998ರಲ್ಲಿ ಯಾನಿಕೆ ಮತ್ತು ಸಂಗಡಿಗರು ತೋರಿಸಿದ್ದರು. ಪ್ರೋಟೀನೇ ತಯಾರಾಗುವುದಿಲ್ಲವಾದ್ದರಿಂದ ಕತ್ತರಿಸಲು ಅಲ್ಲಿ ಏನೂ ಇಲ್ಲ. ಹಾಗೆಂದು ಆ ಕೋಶಗಳು ಸಾಯದೆ ಇರುವುದಿಲ್ಲ. ಅವು ಸಾಯುತ್ತವೆ, ಆದರೆ ಕುಗ್ಗುವುದು, ಗುಳ್ಳೆ ಏಳುವುದು ಮುಂತಾದ ಚಹರೆಗಳು ಸರಿಯಾಗಿ ಕಾಣುವುದಿಲ್ಲ, ಡಿಎನ್‌ಎ ಕೂಡ ಏಣಿಯ ಮೆಟ್ಟಿಲಿನಂತೆ ತುಂಡಾಗುವುದಿಲ್ಲ. ಅವಳ ಲೈಸೇಟನ್ನು (ಕೋಶಗಳನ್ನು ಒಡೆದು ತೆಗೆದ ದ್ರವ) ಕ್ಯಾಸ್ಪೇಸ್‌ಗಳು ಕತ್ತರಿಸುವ ಪಾರ್ಪ್ ಎಂಬ ಪ್ರೋಟೀನಿನ ಪ್ರತಿಕಾಯದಿಂದ ನೋಡಿದಾಗ 116ರ ಗೆರೆ ಸೊರಗಿ 89ರ ತುಂಡು ಎದ್ದಿತ್ತು. ಅಲ್ಲಿ ಕ್ಯಾಸ್ಪೇಸ್-7 ಆ ಕೆಲಸ ವಹಿಸಿಕೊಳ್ಳುತ್ತದೆ. ಅವಳು ಕೋಶ ಬದಲಿಸುವ ಬಗ್ಗೆ ಗೈಡ್ ಜೊತೆ ಮಾತನಾಡಲು ಹೋದಳು. ನಾನು ಅವಳ ಉಳಿದ ಲೈಸೇಟನ್ನು ಕೇಳಿ ಇಸಿದುಕೊಂಡೆ.

ಏಕೆಂದರೆ ಆವರೆಗೆ ನನ್ನಲ್ಲಿ ಇಲ್ಲದೆ ಇದ್ದದ್ದು ಅದೇ. 17ರಲ್ಲಿ ಬಂದ ಕಪ್ಪು ಗೆರೆ ಕ್ಯಾಸ್ಪೇಸ್-3ರದೇ ಎಂದು ನಾನು ನಂಬಿದ್ದೆ, ಆದರೆ ಸಾಯುತ್ತಿರುವ ಕೋಶದಲ್ಲಿ ಹದಿನೇಳರ ತೂಕದ ಬೇರೆ ಯಾವುದೋ ಚೂರಿಗೆ ಪ್ರತಿಕಾಯ ಅಂಟಿಲ್ಲ ಎಂದು ತೋರಿಸುವ ಸಾಕ್ಷಿ ನನ್ನ ಬಳಿ ಇರಲಿಲ್ಲ. ಔಷಧ ಹಾಕದ ಹೀಲಾ ಸಾಲು ಅದನ್ನು ತೋರಿಸಲಾರದು, ಅಲ್ಲಿ ಸಾವೇ ಇಲ್ಲ. ಬೇಕಾದದ್ದು ಸತ್ತೂ ಕ್ಯಾಸ್ಪೇಸ್-3 ಇಲ್ಲದ ಕೋಶ. ಪ್ರಕೃತಿ ಅದನ್ನು 47 ಅಕ್ಷರ ಅಳಿಸಿ ಸಿದ್ಧಮಾಡಿ ಇಟ್ಟಿತ್ತು, ನನ್ನ ಜೂನಿಯರ್ ಅದಕ್ಕೆ ಔಷಧ ಹಾಕಿ ಒಡೆದೂ ಇಟ್ಟಿದ್ದಳು. ಇದರ ಜೊತೆಗೆ ಇನ್ನೊಂದು ತಟ್ಟೆ ಹೀಲಾ ಕೋಶಗಳಿಗೆ ಸ್ಟಾರೊಸ್ಪೊರಿನ್‌ಗಿಂತ ಒಂದು ತಾಸು ಮೊದಲು ಜೆಡ್-ವ್ಯಾಡ್ ಎಂಬ ಕ್ಯಾಸ್ಪೇಸ್ ತಡೆಯನ್ನು 20 ಮೈಕ್ರೋಮೋಲಾರ್ ಹಾಕಿದೆ. ಅದು ಕ್ಯಾಸ್ಪೇಸ್‌ಗಳ ಬಾಯಿಗೆ ಸಿಕ್ಕಿಕೊಳ್ಳುವ ಹುಸಿ ತುತ್ತು, ಒಮ್ಮೆ ಕಚ್ಚಿದವು ಮತ್ತೆ ಬಾಯಿ ತೆರೆಯಲಾರವು.

ಆರನೆಯ ಬ್ಲಾಟ್‌ನಲ್ಲಿ ಐದು ಸಾಲುಗಳು. ಕೊನೆಯ ತಾಸು ಕರೆಂಟು ಹೋಗಿ ಇನ್ವರ್ಟರ್ ಮೇಲೆ ಶೇಕರ್ ಓಡಿತು, ಉಳಿದಂತೆ ಹೇಳಿಕೊಳ್ಳುವ ಅಡ್ಡಿಯೇನೂ ಬರಲಿಲ್ಲ. ಕೆಂಪು ದೀಪದಡಿ, ಐಸ್ ನೀರಿನ ಮೇಲೆ ತೇಲುತ್ತಿದ್ದ ತಟ್ಟೆಯಲ್ಲಿ ಫಿಲ್ಮನ್ನು ಆಡಿಸುತ್ತಿದ್ದಂತೆ ಮೊದಲು ಎಡದಿಂದ ಎರಡನೆಯ ಸಾಲಿನಲ್ಲಿ ಬೂದಿ ನೆರಳು ಕಟ್ಟಿತು, ಅದು ಗಟ್ಟಿಯಾಗಿ ಗೆರೆಯಾಯಿತು, ಅದರ ಮೇಲೆ 19ರ ಹುಬ್ಬು ಮೂಡಿತು. ಬೇರೆಲ್ಲಿಯೂ ಏನೂ ಬರುತ್ತಿಲ್ಲವೆಂದು ಖಾತ್ರಿಮಾಡಿಕೊಳ್ಳಲು ಇನ್ನೂ ಅರ್ಧ ನಿಮಿಷ ತಡೆದೆ. ಔಷಧವಿಲ್ಲದ ಹೀಲಾ ಖಾಲಿ, ಔಷಧ ಹಾಕಿದ ಹೀಲಾದಲ್ಲಿ ಕಪ್ಪು ಗೆರೆ, ತಡೆ ಹಾಕಿದ್ದರಲ್ಲಿ ಕೂದಲೆಳೆಯಷ್ಟು ಮಸುಕು, ಎಂಸಿಎಫ್-7ರ ಎರಡೂ ಸಾಲು ಖಾಲಿ. ಮೇಲಿನ ತುಂಡಿನಲ್ಲಿ ಆಕ್ಟಿನ್ ಐದೂ ಕಡೆ ಸಮ. ಫಿಲ್ಮಿನ ಬಲಮೂಲೆಯನ್ನು ಗುರುತಿಗಾಗಿ ಕತ್ತರಿಸಿ, ಸಾಲುಗಳ ಹೆಸರನ್ನು ಮಾರ್ಕರ್‌ನಿಂದ ಅಂಚಿನಲ್ಲಿ ಬರೆದು, ಒಣಗಲು ಹಗ್ಗಕ್ಕೆ ಕ್ಲಿಪ್ ಹಾಕಿದೆ.

ಆಮೇಲೆ ಫ್ರೀಜರ್ ರಿಜಿಸ್ಟರ್ ತೆರೆದು ಲೆಕ್ಕ ಬರೆದೆ: ಆರು ಬ್ಲಾಟ್‌ಗಳಿಗೆ ಐದೈದರಂತೆ 30, ಚುಕ್ಕೆ ಪರೀಕ್ಷೆಗೆ 1, ಉಳಿದದ್ದು 69 ಮೈಕ್ರೋಲೀಟರ್. ಷರಾ ಎಂಬ ಅಂಕಣದಲ್ಲಿ ಇಷ್ಟು ಸೇರಿಸಿದೆ: ಪ್ರತಿ ಬ್ಲಾಟ್‌ನಲ್ಲಿಯೂ ಔಷಧ ಹಾಕಿದ ಹೀಲಾ ಒಂದು ಸಾಲು, ಔಷಧ ಹಾಕಿದ ಎಂಸಿಎಫ್-7 ಒಂದು ಸಾಲು ಕಡ್ಡಾಯ. ಎರಡರ ಲೈಸೇಟೂ ಮೈನಸ್ 80ರ ಎರಡನೆಯ ಅರೆಯಲ್ಲಿ, ಹಳದಿ ಮುಚ್ಚಳದ ನಳಿಕೆಗಳಲ್ಲಿ ಇದೆ.